ಯಜಮಾನರು ಬಿಟ್ಟುಹೋದ ಹಕ್ಕಿಗಳು

ಕಂಗೆಕ್
ಫೆಬ್ರವರಿ 20, 1986

ಹೆತ್ತಿದ್ದಕ್ಕೆ ಮಗಳೂ ಹೆಸರಿಟ್ಟಿದ್ದಕ್ಕೆ ಮಾವನೂ ಆದ ನನ್ನ ಇಮಿನಾಗೆ,

ಅಮ್ಮನ ಮುತ್ತು, ಸೊಸೆಯ ನಮಸ್ಕಾರ. ಎರಡನ್ನೂ ಒಂದೇ ಲಕೋಟೆಯಲ್ಲಿ ತುರುಕಿದ್ದೇನೆ, ಅಂಚೆಚೀಟಿ ಒಂದೇ ಸಾಕಾಯಿತು.

ಕೋಪನ್‌ಹೇಗನ್ನಿನಲ್ಲಿ ನಿನ್ನನ್ನು ಮಾವ ಎಂದು ಕರೆಯುವವರು ಯಾರೂ ಇರಲಾರರು. ಹಾಗಾಗಿ ನೆನಪಿಸುತ್ತೇನೆ. ನೀನು ಹುಟ್ಟುವ ಮುಂಚಿನ ಚಳಿಗಾಲದಲ್ಲಿ ನಿನ್ನಜ್ಜ ಇಮಿನಾ ಮಂಜುಗಡ್ಡೆ ಒಡೆದು ನೀರಿನ ಪಾಲಾದರು. ಅವರ ಹೆಸರು ನಿನಗೆ ಬಂತು, ಹೆಸರಿನ ಜೊತೆಗೆ ಅವರೂ ಬಂದರು. ಅಂದಿನಿಂದ ನಿನ್ನ ಅಜ್ಜಿ ಅತಂಗಾನಾಗೆ ನೀನು ಗಂಡ, ನಿನ್ನಪ್ಪ ಓಡಾಕ್‌ಗೆ ನೀನು ಅಪ್ಪ, ನನಗೆ ಮಾವ. ಬೆನ್ನ ಮೇಲೆ ಹೊತ್ತಾಗ ನನ್ನ ಕೋಟು ಒದ್ದೆ ಮಾಡಿದ ಮಾವ ನೀನೊಬ್ಬನೇ. ಇದನ್ನೆಲ್ಲ ಸುಮ್ಮನೆ ಬರೆಯುತ್ತಿಲ್ಲ. ಈ ಪತ್ರದ ಗೋಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಚಳಿಗಾಲದ ಕತ್ತಲೆ ಮುಗಿದು ಸೂರ್ಯ ಮರಳುವ ಹಬ್ಬಕ್ಕೆ ವಾರವಿರುವಾಗ ನಿನ್ನ ಪತ್ರ ಬಂತು. ಅಲ್ಲಿಯವರೆಗೆ ಗಾಳಿ ನಿಲ್ಲದೆ ಹೆಲಿಕಾಪ್ಟರ್ ಹಾರಿರಲಿಲ್ಲ. ಊರಿನ ಅಂಚೆಯೆಲ್ಲ ಪಟ್ಟಣದಲ್ಲೇ ಬಿದ್ದಿತ್ತು. ತಾಳಲಾರದೆ ಅಂಗಡಿಯಲ್ಲೇ ನಿಂತು ಒಡೆದೆ. ಅಂಗಡಿಯ ಸಿಗ್ಲೂ ಗಲ್ಲಾ ಬಿಟ್ಟು ಎದ್ದುಬಂದ.

"ಏನಂತೆ ತುಕುಮ್ಮೆಕ್, ನಿಮ್ಮ ಮಾವಂಗೆ ಹುಳ ಸಿಕ್ತಂತಾ?"

"ಸಿಕ್ತಂತೆ. ಬೇಕಾದಷ್ಟು."

"ಪಾಪ. ಡೆನ್ಮಾರ್ಕಿನೋರಿಗೆ ತಿನ್ನೋಕೆ ಬೇರೇನೂ ಇಲ್ವಾ?"

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಿನಗೆ ಪಾಠ ಹೇಳುವ ಹುಳದ ಮೇಷ್ಟ್ರು ಬೇಸಿಗೆಯಲ್ಲಿ ನಿನ್ನನ್ನೂ ಕರೆದುಕೊಂಡು ಇಲ್ಲಿಗೆ ಬಂದು ಹೋದಾಗಿನಿಂದ ಈ ಊರಿಗೆ ನಗೆಗೆ ಬರವಿಲ್ಲ. ಹಕ್ಕಿ ತಿನ್ನುವುದು ಬಿಟ್ಟು, ಹಕ್ಕಿ ತಿಂದದ್ದನ್ನು ತಿನ್ನುತ್ತ ಕೂತ ಹುಳವನ್ನು ಹುಡುಕುವ ಮನುಷ್ಯನನ್ನು ನಮ್ಮವರು ಅದಕ್ಕೆ ಮೊದಲು ಕಂಡಿರಲಿಲ್ಲ.

ನೀನು ಖುಷಿಯಿಂದ ಬರೆದಿದ್ದೆ. ನಮ್ಮ ಬಂಡೆಯ ಪುಟ್ಟ ಕಪ್ಪುಬಿಳಿ ಹಕ್ಕಿಗಳ ಕರುಳಿನಲ್ಲಿ ಬಿಳಿಯ ಲಾಡಿಹುಳಗಳು. ತಲೆಯಲ್ಲಿ ಮುಳ್ಳಿನಂಥ ಕೊಕ್ಕೆ. ಸಿಗಡಿ ಮರಿಯಂಥ ಕಡಲಜೀವಿಯನ್ನು ಹಕ್ಕಿ ನುಂಗಿದಾಗ ಅದರೊಳಗಿಂದ ಇದು ಬರುತ್ತದೆ. ಸಮುದ್ರ ಬೆಚ್ಚಗಾದರೆ ಹಕ್ಕಿಯ ಊಟ ಬದಲಾಗುತ್ತದೆ, ಊಟ ಬದಲಾದರೆ ಹುಳವೂ ಬದಲಾಗುತ್ತದೆ. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ. "ಅಮ್ಮಾ, ಹುಳ ನೋಡಿದರೆ ಸಮುದ್ರ ನೋಡಿದ ಹಾಗೆ" ಎಂದು ಬರೆದಿದ್ದೆ. ಹುಳ ಕಂಡು ಕುಣಿಯುವ ಮಗಳನ್ನು ಹೆತ್ತೆನಲ್ಲ ಎಂದು ಹೆಮ್ಮೆಯೇ ಆಯಿತು. ಆಮೇಲೆ ಪುಟದ ಕೆಳಗಿನ ಸಾಲಿಗೆ ಬಂದೆ.

"ಹಡಗು ಕೂಗಿದ್ದರಿಂದ ಕೊನೆಯ ದಿನ ಕೊಯ್ದ ಹಕ್ಕಿಗಳನ್ನು ಚಪ್ಪಟೆ ಬಂಡೆಯ ಮೇಲೆ ಹಾಗೇ ಬಿಟ್ಟು ಬಂದೆವು. ಕೊಯ್ದದ್ದು ಕಾಣದಷ್ಟು ಸಣ್ಣಕ್ಕೆ ಸೀಳಿದ್ದೆ, ಮೇಷ್ಟ್ರು ಹೊಗಳಿದರು. ಇಷ್ಟು ಹೊತ್ತಿಗೆ ನರಿ ತಿಂದಿರುತ್ತೆ ಬಿಡು."

ನರಿ ತಿಂದಿರಲಿಲ್ಲ, ಇಮಿನಾ.

ನಿಮ್ಮ ಹಡಗು ಕೊಲ್ಲಿ ದಾಟಿ ಮರೆಯಾದ ಮೇಲೆ ಅತ್ತೆ ಆ ಬಂಡೆಯ ಕಡೆಯಿಂದ ಚೀಲ ಹೊತ್ತು ಹಾಡು ಗುನುಗುತ್ತ ಇಳಿದು ಬಂದದ್ದು ನನಗೆ ನೆನಪಿತ್ತು. ಏನತ್ತೆ ಅದು ಅಂದೆ. "ನಮ್ಮ ಯಜಮಾನ್ರ ಬೇಟೆ ಕಣೇ. ಅವಸರದಲ್ಲಿ ಬಿಟ್ಹೋಗಿದಾರೆ. ಎಲ್ಲಾ ಗಂಡಸರೂ ಹೀಗೇ, ಹಿಡಿಯೋದು ಅವರು, ಎತ್ತಿಡೋದು ನಾವು" ಅಂದರು. ಅವರ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ಇರುವ ಥರದ್ದೇನೋ ಇತ್ತು. ನಾನು ಚೀಲದೊಳಗೆ ಇಣುಕಲಿಲ್ಲ. ಗಂಡಹೆಂಡಿರ ನಡುವೆ ನಾನ್ಯಾಕೆ ಇಣುಕಲಿ? ಮಾರನೆಯ ದಿನ ಅವರು ಒಬ್ಬರೇ ಕೂತು ಹೊಸ ಸೀಲ್ ಚರ್ಮದ ಚೀಲಕ್ಕೆ ಆ ಹಕ್ಕಿಗಳನ್ನು ತುಂಬಿದರು, ತುಳಿದು ಗಾಳಿ ತೆಗೆದರು, ಬಾಯಿ ಹೊಲಿದು ಕೊಬ್ಬು ಬಳಿದು, ಚಳಿಗಾಲದವರೆಗೆ ಹುದುಗಲೆಂದು ಕಲ್ಲಿನಡಿ ಇಟ್ಟರು. ಸೂರ್ಯ ಬಂದ ದಿನ ಊರಿಗೆಲ್ಲ ಹಂಚುವ ಮೊದಲ ಕಿವಿಯಾಕ್ ಇದೇ ಎಂದು ಆಗಲೇ ಸಾರಿದ್ದರು.

ಕಿವಿಯಾಕ್‌ಗೆ ಹಾಕುವ ಹಕ್ಕಿಗೆ ಚಾಕು ಮುಟ್ಟಿಸಬಾರದು. ಪುಕ್ಕ, ಕೊಕ್ಕು, ಕಾಲು ಎಲ್ಲ ಇದ್ದ ಹಾಗೇ ಇಡಿಯಾಗಿ ಹೋಗಬೇಕು. ಹೊಟ್ಟೆ ಹರಿದದ್ದು ಒಂದು ಸೇರಿದರೂ ಇಡೀ ಚೀಲ ವಿಷವಾಗಬಹುದು. ಆ ವಿಷಕ್ಕೆ ಬೇರೆ ವಾಸನೆಯಿಲ್ಲ, ಬೇರೆ ರುಚಿಯಿಲ್ಲ. ತಿಂದವರ ನಾಲಿಗೆ ತೊದಲಿ, ಕುತ್ತಿಗೆ ಸೋತು, ಉಸಿರು ನಿಲ್ಲುತ್ತದೆ. ಇದನ್ನು ನನಗೆ ಕಲಿಸಿದವರೇ ಅತ್ತೆ. ಈ ಕರಾವಳಿಯಲ್ಲಿ ಅವರಷ್ಟು ಕಿವಿಯಾಕ್ ಹೊಲಿದವರಿಲ್ಲ. ಹಾಗಿದ್ದೂ ಹೇಗೆ ಸೀಳಿದ ಹಕ್ಕಿ ತುಂಬಿದರು?

ಅವರಿಗೆ ಕಣ್ಣು ಕಾಣುವುದಿಲ್ಲ.

ಇದು ನನಗೆ ಎರಡು ಚಳಿಗಾಲದಿಂದ ಗೊತ್ತು. ನಿನಗೂ ಹೇಳಲಿಲ್ಲ, ನಿನ್ನಪ್ಪನಿಗೂ ಹೇಳಲಿಲ್ಲ. ಅವರ ಎದುರಿಗೆ ಬಂದವರ ಹೆಸರನ್ನು ನಾನು ಮೊದಲೇ ಕೂಗಿಬಿಡುತ್ತೇನೆ: "ಓ ಸಿಗ್ಲೂ ಬಂದ್ರಾ" ಎಂದು. ಅತ್ತೆಯೂ ಕೂಡಲೇ "ಬಾರೋ ಸಿಗ್ಲೂ, ದಪ್ಪ ಆಗಿದೀಯಲ್ಲೋ" ಅನ್ನುತ್ತಾರೆ. ಸಿಗ್ಲೂ ಯಾವಾಗಲೂ ದಪ್ಪವೇ, ಹಾಗಾಗಿ ನಡೆದುಹೋಗುತ್ತದೆ. ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಕಣ್ಣು ಹೋಗಿದೆ ಎಂದು ಗೊತ್ತಾದರೆ ಯಾರೂ ಅವರ ಕೈಗೆ ಚರ್ಮ ಕೊಡುವುದಿಲ್ಲ, ಅವರು ಹೊಲಿದದ್ದನ್ನು ಯಾರೂ ಬಾಯಿಗಿಡುವುದಿಲ್ಲ. ಹೊಲಿಗೆ ಬಿಟ್ಟರೆ ಅತಂಗಾನಾ ಎನ್ನುವ ಹೆಂಗಸಿನಲ್ಲಿ ಉಳಿಯುವುದೇನು? ಸಿಟ್ಟು ಒಂದೇ.

ಈಗ ನನ್ನ ಸಂಕಟ ನೋಡು. ಬಾಯಿ ಬಿಟ್ಟರೆ ಅತ್ತೆಯ ಮಾನ ಹೋಗುತ್ತದೆ, ಬಿಡದಿದ್ದರೆ ಊರಿನ ಪ್ರಾಣ ಹೋಗುತ್ತದೆ. ಅಂಗಡಿಯ ರೇಡಿಯೋ ಫೋನಿನಲ್ಲಿ ನಿನ್ನನ್ನು ಕೇಳೋಣವೆಂದರೆ, ಅದರಲ್ಲಿ ಆಡಿದ ಮಾತು ಕೊಲ್ಲಿಯ ಆಚೆ ದಡದವರಿಗೂ ಕೇಳಿಸುತ್ತದೆ. ನಿನ್ನಪ್ಪ ವಾಲ್ರಸ್ ಬೇಟೆಗೆಂದು ನಾಯಿಗಾಡಿ ಕಟ್ಟಿಕೊಂಡು ಮಂಜಿನ ಅಂಚಿಗೆ ಹೋಗಿದ್ದರು, ಹಬ್ಬದ ದಿನವೇ ಬರುವವರು.

ಮೊದಲು ಕಳ್ಳದಾರಿ ಹಿಡಿದೆ. ಮಧ್ಯಾಹ್ನ ಆಕಾಶದ ಅಂಚು ಕೆಂಪಾಗಿ, ದೀಪವಿಲ್ಲದೆ ದಾರಿ ಕಾಣುವಷ್ಟು ಬೆಳಕು ಬಂದಾಗ ಅತ್ತೆಯ ಮನೆ ಮುಂದೆ ಚೀಲಗಳನ್ನಿಟ್ಟ ಕಲ್ಲುಗುಡ್ಡೆಗೆ ಹೋದೆ. ಆ ಚೀಲ ಎಳೆದು ಸಮುದ್ರಕ್ಕೆ ತಳ್ಳಿ, ಕರಡಿ ಒಯ್ದಿತು ಎಂದರಾಯಿತು. ಕಲ್ಲು ಸರಿಸಿದರೆ ಚೀಲಗಳೆಲ್ಲ ಒಂದಕ್ಕೊಂದು ಹೆಪ್ಪುಗಟ್ಟಿ ಕೂತಿವೆ. ಯಾವುದು ನಿನ್ನದು, ಯಾವುದು ಒಳ್ಳೆಯದು? ಅಷ್ಟರಲ್ಲಿ ನಾಯಿ ಬೊಗಳಿತು. ಅತ್ತೆ ಬಾಗಿಲು ತೆರೆದು ಹೊರಗೆ ಬಂದರು.

"ಯಾರೋ ಅದು?"

ನಾನು ಕಲ್ಲು ಹಿಡಿದುಕೊಂಡು ಹಾಗೇ ನಿಂತೆ. ಕೂಗಿದರೆ ಕೇಳುವಷ್ಟಲ್ಲ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರ. ಅವರು ನೇರವಾಗಿ ನನ್ನ ಮುಖವನ್ನೇ ನೋಡಿದರು. ನನ್ನ ಉಸಿರಿನ ಹೊಗೆ ಅವರ ಕಡೆಗೇ ಹೋಗುತ್ತಿತ್ತು. ಅವರ ಕಣ್ಣು ನನ್ನ ಮೇಲೆ ನಿಂತು, ನನ್ನೊಳಗಿಂದ ಹಾದು, ಹಿಂದಿನ ಬೆಟ್ಟಕ್ಕೆ ಹೋಯಿತು.

"ಸುಮ್ನಿರೋ," ಎಂದರು ನಾಯಿಗೆ. "ನರಿ ಇರ್ಬೇಕು."

ಬಾಗಿಲು ಮುಚ್ಚಿತು. ಅಷ್ಟು ಕಾಣುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ, ಇಮಿನಾ. ಸ್ವಲ್ಪ ಮಂಜು ಮಂಜು ಎಂದುಕೊಂಡಿದ್ದೆ. ಕಲ್ಲುಗಳನ್ನು ಮತ್ತೆ ಜೋಡಿಸಿ ಮನೆಗೆ ಬಂದೆ. ಬರುವಾಗ ನಾಯಿಯ ಮುಖ ನೋಡಲೂ ನಾಚಿಕೆಯಾಯಿತು.

ಮಾರನೆಯ ದಿನ ನೇರ ದಾರಿ ಹಿಡಿದೆ. ಅತ್ತೆ ಸೀಲ್ ಎಣ್ಣೆಯ ದೀಪದ ಮುಂದೆ ಕೂತು ಹೊಲಿಯುತ್ತಿದ್ದರು. ನಿನ್ನ ಪತ್ರ ಬಂದ ಸುದ್ದಿ ಹೇಳಿ, ಹಕ್ಕಿಗಳಲ್ಲಿ ಹುಳ ಇದೆಯಂತೆ ಅತ್ತೆ ಅಂದೆ.

"ಹುಳ ನಮ್ಮಜ್ಜಿ ಕಾಲದಿಂದ್ಲೂ ಇದೆ. ಅದೂ ಎಲ್ಲಾದ್ರೂ ಬಾಳ್ವೆ ಮಾಡ್ಬೇಕಲ್ಲೇ."

"ಅದಲ್ಲ ಅತ್ತೆ. ಹುಳ ನೋಡೋಕೆ ಇಮಿನಾ ಹಕ್ಕಿ ಹೊಟ್ಟೆ ಸೀಳಿದಾಳೆ. ಬಂಡೆ ಮೇಲೆ ಬಿಟ್ಟಿದ್ದು ಸೀಳಿದ್ದಂತೆ. ಆ ಚೀಲ ಬೇಡ."

ಅವರ ಕೈ ನಿಂತಿತು.

"ಸೀಳಿದ ಹಕ್ಕೀನ ನಾನು ಕಿವಿಯಾಕ್‌ಗೆ ಹಾಕ್ತೀನಾ? ನಾನು?"

"ಸಣ್ಣಕ್ಕೆ ಸೀಳಿದಾಳೆ. ಪುಕ್ಕದಡಿ ಕಾಣಲ್ಲ."

"ಯಾರಿಗೆ ಕಾಣಲ್ಲ?"

ದೀಪದ ಬತ್ತಿ ಚಟಪಟ ಅನ್ನುತ್ತಿತ್ತು. ಅವರು ಕಾಯುತ್ತಿದ್ದರು. ಒಂದು ಮಾತು ಸಾಕಿತ್ತು. ಆ ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ನುಂಗಿದೆ.

"ಯಜಮಾನ್ರು ನನಗೋಸ್ಕರ ಹಿಡಿದ ಹಕ್ಕಿ ಅದು," ಎಂದರು ಕೊನೆಗೆ. "ಮಂಜಿನಡಿಗೆ ಹೋದೋರು ಇಷ್ಟು ವರ್ಷಕ್ಕೆ ಮೊದಲ ಸಲ ಬೇಟೆ ತಂದ್ಕೊಟ್ಟಿದಾರೆ. ಅದನ್ನ ಸಮುದ್ರಕ್ಕೆ ಹಾಕೋದಾದ್ರೆ ಮೊದ್ಲು ನನ್ನ ಹಾಕು. ನನ್ನ ಚೀಲ ಹೇಗಿದೆ ಅಂತ ನನಗ್ಗೊತ್ತು. ಹಬ್ಬದ ದಿನ ಮೊದಲ ಹಕ್ಕಿ ನಾನೇ ತಿಂತೀನಿ, ನೋಡ್ತಾ ಇರು."

ಹೀಗಾಗಿ ಮೂರನೆಯ ದಾರಿ ಹಿಡಿಯಬೇಕಾಯಿತು. ಅದು ಯಾವುದೆಂದು ಹಬ್ಬದ ದಿನದವರೆಗೂ ನನಗೇ ಗೊತ್ತಿರಲಿಲ್ಲ.

ಮೊನ್ನೆ ಸೂರ್ಯ ಬಂದ. ಊರೆಲ್ಲ ಗುಡ್ಡ ಹತ್ತಿ, ಟೋಪಿ ಕೈಗವಸು ತೆಗೆದು ನಿಂತೆವು. ಅತ್ತೆಯೂ ಎಲ್ಲರಿಗಿಂತ ಮುಂದೆ ನಿಂತು, ಎಲ್ಲರೂ ಕೂಗಿದ ಕ್ಷಣಕ್ಕೆ ಸರಿಯಾಗಿ ತಾವೂ ಕೂಗಿದರು. ಆಮೇಲೆ ಸಭಾಮನೆಗೆ ಇಳಿದೆವು. ನಿನ್ನಪ್ಪ ಆಗಷ್ಟೇ ಬಂದಿದ್ದರು, ಗಡ್ಡದಲ್ಲಿ ಹಿಮ ಹಾಗೇ ಇತ್ತು. ಕಿವಿಯಲ್ಲಿ ಹೇಳೋಣವೆಂದರೆ, ತಮ್ಮ ತಾಯಿಯ ಚೀಲವನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ನೆಲಕ್ಕಿಳಿಸಿ, "ಅಪ್ಪನ ಬೇಟೆ!" ಎಂದು ಎದೆಯುಬ್ಬಿಸಿ ನಿಂತಿದ್ದಾರೆ. ಅಪ್ಪ ಎಂದರೆ ನೀನು.

ಹೊಲಿಗೆ ಕತ್ತರಿಸಿದರು. ಆ ವಾಸನೆ ಬಂದದ್ದೇ ಎಲ್ಲರ ಬಾಯಲ್ಲೂ ನೀರು. ನನ್ನ ಬಾಯಿ ಒಣಗಿತು. ಎಲ್ಲರಿಗಿಂತ ಹಿರಿಯರೆಂದು ಅತ್ತೆಯ ಕೈಗೆ ಮೊದಲ ಹಕ್ಕಿ ಕೊಟ್ಟರು. ಅವರು ಕಾಲು ಹಿಡಿದು ಪುಕ್ಕ ಕೀಳತೊಡಗಿದರು. ಒಂದು ಹಿಡಿ. ಇನ್ನೊಂದು ಹಿಡಿ. ಸುತ್ತ ಊರೆಲ್ಲ ಚೀಲಕ್ಕೆ ಕೈ ಹಾಕಲು ಅವರ ಮೊದಲ ತುತ್ತಿಗಾಗಿ ಕಾಯುತ್ತಿದೆ.

ಗೋಡೆಗೆ ಒರಗಿದ್ದ ಕೈಡೋಲು ಕಣ್ಣಿಗೆ ಬಿತ್ತು. ಡೋಲು ನುಡಿಯುವಾಗ ನಮ್ಮಲ್ಲಿ ಯಾರೂ ಬಾಯಾಡಿಸುವುದಿಲ್ಲ. ಹಾಡಿನಲ್ಲಿ ಯಾರನ್ನು ಏನೆಂದರೂ ಸಿಟ್ಟಾಗುವಂತಿಲ್ಲ. ನಾನು ಡೋಲು ಹಿಡಿದು ಯಾವ ಕಾಲವಾಯಿತೋ. ಎತ್ತಿಕೊಂಡು ನಡುವೆ ಬಂದು ನಿಂತೆ. ಹಾಡು ತಾನಾಗಿ ಬಂತು, ಪ್ರಾಸದ ಚಟ ಇರುವವಳಿಗೆ ಪ್ರಾಣಭಯದಲ್ಲೂ ಪ್ರಾಸವೇ ಬರುವುದು:

ಬಂದನಪ್ಪ ಹುಳದ ಮೇಷ್ಟ್ರು, ಹಕ್ಕಿ ಹೊಟ್ಟೆ ಸೀಳಿದ,
ಲಾಡಿಹುಳ ಸಿಕ್ಕಿತೆಂದು ಊರಿಗೆಲ್ಲ ಹೇಳಿದ.
ಹೊಟ್ಟೆ ಹರಿದ ಹಕ್ಕಿಯೆಲ್ಲ ಬಂಡೆ ಮೇಲೆ ಬಿದ್ದಿತ್ತು,
ಜಿಪುಣಿ ಸೊಸೆಯ ಕಣ್ಣು ಮಾತ್ರ ಅದರ ಮೇಲೆ ಇದ್ದಿತ್ತು.
ಅತ್ತೆ ಹೊಲಿವ ಚೀಲದೊಳಗೆ ಮೆತ್ತಗೊಂದು ತುರುಕಿದೆ,
ಅತ್ತೆ ಅತ್ತ ತಿರುಗಿದಾಗ ಮತ್ತೆ ನಾಲ್ಕು ತುರುಕಿದೆ.
ತಿನ್ನೋ ಧೈರ್ಯ ಇರೋರೆಲ್ಲ ಮುಂದೆ ಬನ್ನಿ, ತಿನ್ನೋಣ,
ನಾಳೆ ಸೂರ್ಯ ಬಂದ ಮೇಲೆ ಎದ್ದೋರ್ಯಾರು ನೋಡೋಣ!

ಮೊದಲೆರಡು ಸಾಲಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಐದನೆಯ ಸಾಲಿಗೆ ನಗು ನಿಂತಿತು. ಆರನೆಯ ಸಾಲಿಗೆ ಚೀಲದ ಬಳಿ ಇದ್ದವರು ಹಿಂದೆ ಸರಿದರು.

"ನಿಜವೇನೇ?" ನಿನ್ನಪ್ಪ ಕೇಳಿದರು.

"ಹಾಡಲ್ಲಿ ಸುಳ್ಳು ಹೇಳ್ತಾರಾ?" ಅಂದೆ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅಣಕಿಸಿದ ಹಾಡಿಗೆ ಹಾಡಿನಿಂದಲೇ ಉತ್ತರ ಕೊಡಬೇಕು. ಡೋಲು ಅವರಿಗೆ ಚಾಚಿದೆ. ಸುಳ್ಳಿ, ನನ್ನ ಚೀಲಕ್ಕೆ ಯಾರೂ ಕೈ ಹಾಕಿಲ್ಲ ಎಂದು ಅವರು ಹಾಡಿಬಿಟ್ಟರೆ ಮುಗಿಯಿತು. ಅವರ ಕೈಯಲ್ಲಿ ಅರ್ಧ ಬೋಳಾದ ಹಕ್ಕಿ. ನಾನು ನಿಂತ ಕಡೆಗೆ ಮುಖ ಎತ್ತಿ ತುಂಬ ಹೊತ್ತು ಕೂತರು. ಆಮೇಲೆ ಹಕ್ಕಿಯನ್ನು ಚೀಲದ ಮೇಲೆ ಇಟ್ಟು, ಕೈ ಒರೆಸಿಕೊಂಡು, ಗೋಡೆಯ ಕಡೆ ತಿರುಗಿದರು. ಡೋಲು ಮುಟ್ಟಲಿಲ್ಲ.

ಚೀಲವನ್ನು ಗಂಡಸರು ದರದರ ಎಳೆದುಕೊಂಡು ಹೋಗಿ ಮಂಜಿನ ಬಿರುಕಿಗೆ ತಳ್ಳಿದರು. ನಾಯಿಗೂ ಹಾಕಲಿಲ್ಲ. ಬೇರೆ ಮನೆಯ ಕಿವಿಯಾಕ್ ಬಂತು, ಹಬ್ಬ ನಡೆಯಿತು. ಊರೆಲ್ಲ ಎದ್ದು ಓಡಾಡುತ್ತಿದೆ.

ನನಗೇನೂ ಬೇಸರವಿಲ್ಲ. ಇನ್ನು ನಾನು ತುಂಬಿದ ಕಿವಿಯಾಕ್ ಈ ಊರಿನಲ್ಲಿ ಯಾರೂ ತಿನ್ನುವುದಿಲ್ಲ, ಅಷ್ಟೇ. ನಿನ್ನೆ ಅಂಗಡಿಗೆ ಹೋದರೆ ಸಿಗ್ಲೂ ಬ್ರೆಡ್ಡು ಎತ್ತಿ ತೋರಿಸಿ, "ಇಡೀದಾ, ಸೀಳಿದ್ದಾ, ಸರಿಯಾಗಿ ನೋಡ್ಕೊಮ್ಮಾ" ಅಂದ. ಪಕ್ಕದವಳು ನನ್ನನ್ನು ಕಂಡು ತನ್ನ ಚರ್ಮಗಳನ್ನು ಒಳಗೆ ತೆಗೆದುಕೊಂಡಳು. ನಿನ್ನಪ್ಪ ಮೊದಲೂ ಮೌನಿಯೇ. ಈಗಿನ ಮೌನಕ್ಕೆ ಅಗುಳಿ ಹಾಕಿದೆ. ಬೇಸರವೇನಿಲ್ಲ. ಒಂದೇ ಒಂದು ಮುಳ್ಳು ಚುಚ್ಚುತ್ತಿದೆ: ಅತ್ತೆ ಅಷ್ಟು ಸುಲಭಕ್ಕೆ ಸುಮ್ಮನಾದರಲ್ಲ. ನಾನು ನನ್ನ ಮಾನ ಹರಿದು ಅವರ ಮಾನ ಹೊಲಿಯುತ್ತಿದ್ದೆ. ಅವರು ಗೋಡೆ ನೋಡುತ್ತ ಹೊಲಿಸಿಕೊಂಡರು. ಅಂದಿನಿಂದ ಈ ಕಡೆ ತಲೆ ಹಾಕಿಲ್ಲ.

ನಿನ್ನ ತಪ್ಪೇನೂ ಇಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದಿದ್ದೇನೆ. ನಿಜ ಗೊತ್ತಿರುವುದು ನನಗೆ, ಈಗ ನಿನಗೆ. ನಿನ್ನಪ್ಪನಿಗೆ ಬರೆಯಬೇಡ. ಮೇಷ್ಟ್ರಿಗೂ ಹೇಳಬೇಡ, ಪಾಪ, ಅವರಿಗೆ ಹುಳದ್ದೇ ಬೇಕಾದಷ್ಟಿದೆ. ಚೆನ್ನಾಗಿ ಉಣ್ಣು. ಕೊಡೆ ಹಿಡಿದು ಓಡಾಡುವ ಊರಿನಲ್ಲಿ ತಲೆ ಒದ್ದೆ ಮಾಡಿಕೊಳ್ಳಬೇಡ.

ನಿನ್ನ ಅಮ್ಮ, ನಿನ್ನ ಸೊಸೆ,
ತುಕುಮ್ಮೆಕ್

ಮರೆತ ಮಾತು: ಲಕೋಟೆ ಅಂಟಿಸುವುದರೊಳಗೆ ಅತ್ತೆ ಬಂದರು. ಒಬ್ಬರೇ, ನಾಯಿಗಾಡಿಗಳ ಹಗ್ಗ ಸವರಿಕೊಂಡು. ಯಾರಿಗೆ ಬರೀತಿದೀಯಾ ಅಂದರು. ನಿಮ್ಮ ಯಜಮಾನರಿಗೆ ಅಂದೆ. ಕೂತರು, ಚಹಾ ಕುಡಿದರು, ಇನ್ನೊಂದು ಲೋಟ ಕುಡಿದರು. ಆಮೇಲೆ ಹೇಳಿದರು: ಆ ಚೀಲದ ಮೂಲೆ ಬಿಚ್ಚಿ, ಹಬ್ಬಕ್ಕೆ ಎಷ್ಟೋ ದಿನ ಮುಂಚೆಯೇ ಒಂದು ಹಕ್ಕಿ ತಿಂದಿದ್ದರಂತೆ. "ಯಜಮಾನ್ರ ಬೇಟೆ, ಮೊದಲ ತುತ್ತು ಹೆಂಡ್ತೀದಲ್ವೇನೇ? ಏನೂ ಆಗ್ಲಿಲ್ಲ ನೋಡು. ಅಂಥ ರುಚಿ ನಾನು ಕಂಡೇ ಇಲ್ಲ." ಒಂದು ಹಕ್ಕಿ ಒಳ್ಳೆಯದಿದ್ದರೆ ಚೀಲವೆಲ್ಲ ಒಳ್ಳೆಯದು ಎಂದಲ್ಲ, ಇನ್ನು ಅದು ಗೊತ್ತಿರುವುದು ಸಮುದ್ರಕ್ಕೆ ಮಾತ್ರ. ಹಾಗಾದರೆ ಅಂದು ಯಾಕೆ ಸುಮ್ಮನಿದ್ದಿರಿ, ಒಂದು ಮಾತು ಹೇಳಬಾರದಿತ್ತೇ ಅಂದೆ. "ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದೆ, ಮಧ್ಯ ಬಾಯಿ ಹಾಕೋಕೆ ಮನಸಾಗ್ಲಿಲ್ಲ. ಯಾತಕ್ಕೆ ಹೇಳ್ತಿದೀಯ ಅಂತ ನಂಗೆ ಗೊತ್ತಾಗಲ್ವಾ?" ಎಂದರು. ಹೊರಗೆ ಹೆಲಿಕಾಪ್ಟರಿನ ಸದ್ದು ಕೇಳಿತು. ಎದ್ದು ಬಾಗಿಲು ತಡವುತ್ತ, ಇದನ್ನೂ ಬರಿ ಅಂದರು, ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಯಜಮಾನ್ರೇ, ಈ ಬೇಸಿಗೆಗೆ ಬಂದುಬಿಡಿ. ಬಿಸಿಲಲ್ಲಿ ತುಂಬಾ ಹತ್ತಿರ ಹಿಡಿದ್ರೆ ಮುಖ ಇನ್ನೂ ಒಂದಿಷ್ಟು ಕಾಣತ್ತೆ. ತಡ ಮಾಡಿದ್ರೆ ಮುಟ್ಟಿ ನೋಡ್ಬೇಕಾಗತ್ತೆ."